ವರದಿಯನ್ನು ಅನುಬಂಧದಿಂದ ಓದುವುದು: ಸಂಚಾರ ಮುನ್ನಂದಾಜಿನ ಪರಿಶೀಲನೆಯಲ್ಲಿ ನನ್ನ ಅನುಭವ

ಸಾರಿಗೆ ಯೋಜನೆ ಕಲಿಸುವವರ ಬಳಿಗೆ ಸಲಹೆ ಕೇಳಿಕೊಂಡು ಬರುವ ಕೆಲಸಗಳಲ್ಲಿ ಹೆಚ್ಚಿನವು ಒಂದೇ ಬಗೆಯವು. ಹೊಸ ರಸ್ತೆಗೋ ರೈಲಿಗೋ ಎಷ್ಟು ಸಂಚಾರ ಬರುತ್ತದೆಂದು ಬೇರೆ ಯಾರೋ ಅಂದಾಜಿಸಿ ತಯಾರಿಸಿದ ವರದಿ ಮೇಜಿನ ಮೇಲೆ ಬರುತ್ತದೆ. ‘ಇದು ಸರಿಯಿದೆಯೇ ನೋಡಿ’ ಎನ್ನುತ್ತಾರೆ. ಕೊನೆಯ ಅಧ್ಯಾಯದಲ್ಲಿ ಲಾಭ ಮತ್ತು ವೆಚ್ಚದ ಅನುಪಾತ ಇರುತ್ತದೆ, ಎಲ್ಲರ ಕಣ್ಣೂ ಅದರ ಮೇಲೆಯೇ. ನಾನು ಅದನ್ನು ಕೊನೆಗೆ ತೆರೆಯುತ್ತೇನೆ. ಕೂಡಿ ಕಳೆಯುವಲ್ಲಿ ತಪ್ಪುವವರು ಕಡಿಮೆ. ತಪ್ಪು ಕೂತಿರುವುದು ಅನುಬಂಧದಲ್ಲಿ, ಎಣಿಕೆಯ ಹಾಳೆಗಳಲ್ಲಿ, ‘ಯೋಜನೆ ಇಲ್ಲದಿದ್ದರೆ’ ಎಂಬ ಕಾಲಂನಲ್ಲಿ.

ಕೆಲಸ ಒಪ್ಪಿಕೊಳ್ಳುವ ಮೊದಲೇ ಬರಹದಲ್ಲಿ ಕೇಳುವುದು ನಾಲ್ಕು: ಕಚ್ಚಾ ಎಣಿಕೆಗಳು, ವಲಯಗಳ ನಕ್ಷೆ, ಪ್ರಯಾಣಗಳ ಮ್ಯಾಟ್ರಿಕ್ಸ್ (ಯಾವ ವಲಯದಿಂದ ಯಾವ ವಲಯಕ್ಕೆ ಎಷ್ಟು ಪ್ರಯಾಣ ಎಂಬ ಪಟ್ಟಿ), ಓಡಿಸಬಲ್ಲ ಸ್ಥಿತಿಯಲ್ಲಿರುವ ಮಾಡೆಲ್ ಫೈಲು (ಸಂಚಾರವನ್ನು ಲೆಕ್ಕ ಹಾಕುವ ಕಂಪ್ಯೂಟರ್ ಮಾದರಿ). ಬರೀ ಪಿಡಿಎಫ್ ಕೊಟ್ಟರೆ ‘ಪರಿಶೀಲನೆ’ ಎಂಬ ಪದ ಬಳಸುವುದಿಲ್ಲ, ‘ಓದಿ ಕೊಟ್ಟ ಅಭಿಪ್ರಾಯ’ ಎಂದೇ ಬರೆಯುತ್ತೇನೆ. ಸಂಭಾವನೆ ಯೋಜನೆಗೆ ಒಪ್ಪಿಗೆ ಸಿಗುವುದರ ಮೇಲೆ ನಿಂತಿರಬಾರದು, ನನ್ನ ಟಿಪ್ಪಣಿಯನ್ನು ಕತ್ತರಿಸಿ ಉದ್ಧರಿಸಬಾರದು ಎಂಬ ಎರಡು ಸಾಲು ಒಪ್ಪಂದದಲ್ಲಿ ಬರಲೇಬೇಕು.

ಮೊದಲು ಎಣಿಕೆ. ಯಾವ ದಿನ, ಎಷ್ಟು ಗಂಟೆ, ಶಾಲೆಗೆ ರಜೆಯಿತ್ತೇ, ಪಕ್ಕದ ರಸ್ತೆ ಅಗೆದಿದ್ದರೇ? 12 ಗಂಟೆಯ ಎಣಿಕೆಯನ್ನು 24 ಗಂಟೆಗೆ ಹಿಗ್ಗಿಸಿದ ಗುಣಾಂಕ ಎಲ್ಲಿಂದ ಬಂತು? ಎಣಿಕೆ ಪಿಸಿಯು (ಬಸ್ಸು, ಬೈಕು ಎಲ್ಲವನ್ನೂ ಇಂತಿಷ್ಟು ಕಾರುಗಳಿಗೆ ಸಮವೆಂದು ಎಣಿಸುವ ಏಕಮಾನ) ಲೆಕ್ಕದಲ್ಲಿದ್ದು ಮಾಡೆಲ್ ವಾಹನಗಳ ಲೆಕ್ಕದಲ್ಲಿದ್ದರೆ ಎರಡನ್ನೂ ಪಕ್ಕಪಕ್ಕ ಇಡುವುದೇ ತಪ್ಪು. ಇದು ಅಂದುಕೊಂಡಷ್ಟು ಅಪರೂಪವಲ್ಲ. ಇದಕ್ಕಿಂತ ಸೂಕ್ಷ್ಮವಾದದ್ದು ತುಂಬಿ ನಿಂತ ಜಂಕ್ಷನ್ನಿನ ಎಣಿಕೆ. ಅಲ್ಲಿ ಸ್ಟಾಪ್ ಲೈನ್ ದಾಟಿದ ವಾಹನಗಳನ್ನು ಎಣಿಸಿದರೆ ಸಿಗುವುದು ಜಂಕ್ಷನ್ನಿನ ಸಾಮರ್ಥ್ಯ, ಬೇಡಿಕೆಯಲ್ಲ. ಹಿಂದೆ ನಿಂತ ಸಾಲಿನ ಉದ್ದವನ್ನು ಅದೇ ಹೊತ್ತಿನಲ್ಲಿ ಅಳೆದಿದ್ದರೆ ಮಾತ್ರ ಬೇಡಿಕೆ ತಿಳಿಯುತ್ತದೆ.

ಆಮೇಲೆ ಎಣಿಕೆಗೂ ಮಾಡೆಲ್‌ಗೂ ತಾಳೆ. ಇದಕ್ಕೆ ಬಳಸುವ ಅಳತೆ ಜಿಇಎಚ್. ಎರಡು ಸಂಖ್ಯೆಗಳ ವ್ಯತ್ಯಾಸದ ವರ್ಗವನ್ನು 2ರಿಂದ ಗುಣಿಸಿ, ಅವೆರಡರ ಮೊತ್ತದಿಂದ ಭಾಗಿಸಿ, ವರ್ಗಮೂಲ ತೆಗೆಯಬೇಕು. 85% ಲಿಂಕ್‌ಗಳಲ್ಲಿ (ಅಂದರೆ ಜಾಲದ ರಸ್ತೆ ತುಂಡುಗಳಲ್ಲಿ) 5ಕ್ಕಿಂತ ಕಡಿಮೆ ಬಂದರೆ ಸಾಕೆಂಬುದು ಬ್ರಿಟನ್ನಿನ ಮಾರ್ಗದರ್ಶಿಯಿಂದ ಹಬ್ಬಿದ ರೂಢಿ. ಎಣಿಕೆ 1,000, ಮಾಡೆಲ್ 1,150 ಇದ್ದರೆ 4.6 ಬರುತ್ತದೆ, ಪಾಸು. ಆದರೆ ಎಣಿಕೆ 100, ಮಾಡೆಲ್ 150 ಇದ್ದರೂ 4.5, ಅರ್ಧಕ್ಕರ್ಧ ತಪ್ಪಿದ್ದರೂ ಪಾಸು! ಈ ಅಳತೆ ಇರುವುದು ಗಂಟೆಯ ಹರಿವಿಗೆ. ಅದೇ 15% ತಪ್ಪನ್ನು 15 ನಿಮಿಷದ ಎಣಿಕೆಯ ಮೇಲೆ, ಅಂದರೆ 250ಕ್ಕೆ 287.5 ಎಂದು ಹಾಕಿ ನೋಡಿ, 2.3ಕ್ಕೆ ಇಳಿಯುತ್ತದೆ. ‘92% ಲಿಂಕ್‌ಗಳು ಪಾಸು’ ಎಂಬ ಸಾಲು ಕಂಡ ಕೂಡಲೇ ಯಾವ ಅವಧಿಯ ಹರಿವು, ಸಣ್ಣ ರಸ್ತೆಗಳೆಷ್ಟು ಎಂದು ಕೇಳಬೇಕು. ದೊಡ್ಡ ರಸ್ತೆಗಳನ್ನಷ್ಟೇ ಬೇರೆ ಮಾಡಿ ಮತ್ತೆ ಲೆಕ್ಕ ಹಾಕಲು ಹತ್ತು ನಿಮಿಷ ಸಾಕು.

ತಾಳೆ ತುಂಬ ಚೆನ್ನಾಗಿದ್ದರೂ ಅನುಮಾನ ಬರಬೇಕು. ಮ್ಯಾಟ್ರಿಕ್ಸನ್ನು ಎಣಿಕೆಗೆ ಹೊಂದುವಂತೆ ತಿದ್ದುವ ಸಾಫ್ಟ್‌ವೇರ್ ಇದೆ. ಯಾವ ಎಣಿಕೆಯಿಂದ ತಿದ್ದಿದರೋ ಅದರೊಡನೆಯೇ ತಾಳೆ ನೋಡಿದರೆ ಹೊಂದದೆ ಏನಾಗುತ್ತದೆ? ಹಾಗಾಗಿ ತಿದ್ದುವ ಮೊದಲಿನ ಮ್ಯಾಟ್ರಿಕ್ಸನ್ನೂ ತರಿಸಿಕೊಂಡು, ಪ್ರಯಾಣದ ಉದ್ದದ ಹಂಚಿಕೆಯನ್ನು ಎರಡರಲ್ಲೂ ಬಿಡಿಸಿ ನೋಡುತ್ತೇನೆ. ತಿದ್ದಿದ ಮೇಲೆ ಸಣ್ಣ ಪ್ರಯಾಣಗಳು ದಿಢೀರನೆ ಹೆಚ್ಚಿದ್ದರೆ, ಎಣಿಕೆಯ ಜಾಗಗಳ ಸುತ್ತ ಸಾಫ್ಟ್‌ವೇರ್ ವಾಹನಗಳನ್ನು ಹುಟ್ಟಿಸಿದೆ ಎಂದೇ ಅರ್ಥ. ತಿದ್ದುವುದಕ್ಕೆ ಬಳಸದೆ ಪಕ್ಕಕ್ಕಿಟ್ಟ ಎಣಿಕೆಗಳ ಮೇಲಿನ ತಾಳೆಯಷ್ಟೇ ನನಗೆ ಲೆಕ್ಕ.

ಮಾಡೆಲ್ ಸಮತೋಲನಕ್ಕೆ, ಅಂದರೆ ದಾರಿ ಬದಲಿಸಿ ಯಾವ ವಾಹನಕ್ಕೂ ಸಮಯ ಉಳಿಯದ ಸ್ಥಿತಿಗೆ, ಬಂದು ನಿಂತಿದೆಯೇ ಎಂಬುದನ್ನು ಹಲವರು ನೋಡುವುದೇ ಇಲ್ಲ. ಇಡೀ ಜಾಲದಲ್ಲಿ 2,00,000 ವಾಹನ-ಗಂಟೆ (ಎಲ್ಲ ವಾಹನಗಳೂ ರಸ್ತೆಯಲ್ಲಿ ಕಳೆದ ಗಂಟೆಗಳ ಮೊತ್ತ) ಓಡಾಟವಿದ್ದು, ಸಮತೋಲನದ ಅಂತರ 1% ಉಳಿದಿದೆ ಎಂದುಕೊಳ್ಳಿ. ಅದು 2,000 ಗಂಟೆಯ ಗದ್ದಲ, ಅಂದರೆ ಲೆಕ್ಕದ ಅನಿಶ್ಚಿತತೆ. ಯೋಜನೆಯಿಂದ ಉಳಿಯುತ್ತದೆಂದು ಹೇಳುವ ಸಮಯ 1,500 ಗಂಟೆಯಾಗಿದ್ದರೆ ಅದು ಲಾಭವೋ ಗದ್ದಲವೋ ಹೇಳಲಾಗದು. 0.1%ಗಿಂತ ಕೆಳಗೆ ಬರುವವರೆಗೆ ಓಡಿಸಿ ಎಂದು ವಾಪಸು ಕಳಿಸುತ್ತೇನೆ.

ಇನ್ನು ಎಲ್ಲಕ್ಕಿಂತ ಹೆಚ್ಚು ಸಮಯ ಕೊಡಬೇಕಾದ ಕಾಲಂ: ಯೋಜನೆ ಇಲ್ಲದಿದ್ದರೆ ಏನಾಗುತ್ತದೆ? ಕೈಯಲ್ಲೇ ಲೆಕ್ಕ ಮಾಡಿ ನೋಡೋಣ. ಖಾಲಿಯಿದ್ದಾಗ 10 ನಿಮಿಷ ಹಿಡಿಯುವ ರಸ್ತೆ, ಈಗ ಸಾಮರ್ಥ್ಯದ 80% ತುಂಬಿದೆ. ವರ್ಷಕ್ಕೆ 5% ಬೆಳವಣಿಗೆಯೆಂದರೆ 20 ವರ್ಷಕ್ಕೆ 2.65 ಪಟ್ಟು, ಅಂದರೆ ಸಾಮರ್ಥ್ಯದ 2.12 ಪಟ್ಟು ಹರಿವು. ಬಹಳ ಮಾಡೆಲ್‌ಗಳಲ್ಲಿರುವ, 1964ರ ಬಿಪಿಆರ್ (ಅಮೆರಿಕದ ಸಾರ್ವಜನಿಕ ರಸ್ತೆಗಳ ಬ್ಯೂರೋ) ಸೂತ್ರಕ್ಕೆ ಇದನ್ನು ಕೊಡಿ: ಹರಿವು-ಸಾಮರ್ಥ್ಯದ ಅನುಪಾತದ 4ನೇ ಘಾತಕ್ಕೆ 0.15ರಿಂದ ಗುಣಿಸಿ 1 ಕೂಡಿಸಿದರೆ 4.03. ಹತ್ತು ನಿಮಿಷದ ದಾರಿ 40 ನಿಮಿಷ. ರಸ್ತೆಯ ಸಾಮರ್ಥ್ಯ ಇಮ್ಮಡಿ ಮಾಡಿದರೆ ಅನುಪಾತ 1.06, ಸಮಯ 12 ನಿಮಿಷ. ವಾಹನವೊಂದಕ್ಕೆ 28 ನಿಮಿಷ ಉಳಿತಾಯ ಎಂದು ವರದಿ ಬರೆಯುತ್ತದೆ.

ಆದರೆ ಸಾಮರ್ಥ್ಯದ ಇಮ್ಮಡಿ ವಾಹನಗಳು ಯಾವ ರಸ್ತೆಯಲ್ಲೂ ಹರಿಯುವುದಿಲ್ಲ. ಅಷ್ಟು ಹದಗೆಡುವ ಮೊದಲೇ ಜನ ಹೊತ್ತು ಬದಲಿಸುತ್ತಾರೆ, ದಾರಿ ಬದಲಿಸುತ್ತಾರೆ, ಬಸ್ಸು ಹತ್ತುತ್ತಾರೆ, ಕೆಲವು ಓಡಾಟ ಬಿಟ್ಟೇ ಬಿಡುತ್ತಾರೆ. ಹಾಗೆ ಅನುಪಾತ 1.2ಕ್ಕೆ ನಿಂತಿತು ಎನ್ನಿ. ಆಗ ಸಮಯ 13.1 ನಿಮಿಷ. ರಸ್ತೆ ಅಗಲವಾದ ಮೇಲೆ ಬಿಟ್ಟವರೆಲ್ಲ ವಾಪಸು ಬಂದು 11.9 ನಿಮಿಷ ಆಯಿತೆಂದರೂ ಉಳಿತಾಯ ಒಂದು ನಿಮಿಷಕ್ಕೆ ಚೂರು ಮೇಲೆ. ಅದರಲ್ಲೂ ಹೊಸದಾಗಿ ಬಂದವರಿಗೆ ಅರ್ಧ ಲಾಭವನ್ನಷ್ಟೇ ಬರೆಯಬೇಕು. ಸೂತ್ರ ಒಂದೇ, ರಸ್ತೆ ಒಂದೇ. ಎರಡು ಸಂದರ್ಭಗಳಿಗೂ ಒಂದೇ ಮ್ಯಾಟ್ರಿಕ್ಸ್ ಹಾಕಿದರೋ ಬೇರೆಬೇರೆ ಹಾಕಿದರೋ ಎಂಬುದೊಂದರಿಂದ 28 ಹೋಗಿ 1 ಆಗುತ್ತದೆ. ಅಮೆರಿಕದ ಮಹಾನಗರಗಳ ಅಂಕಿಅಂಶಗಳಲ್ಲಿ ಅಂತರರಾಜ್ಯ ಹೆದ್ದಾರಿಯ ಲೇನ್ ಉದ್ದ ಬೆಳೆದಷ್ಟೇ ಪ್ರಮಾಣದಲ್ಲಿ ವಾಹನ ಓಡಾಟವೂ ಬೆಳೆಯುತ್ತದೆಂದು ಅರ್ಥಶಾಸ್ತ್ರಜ್ಞರಾದ ಡುರಾಂಟನ್ ಮತ್ತು ಟರ್ನರ್ 2011ರಲ್ಲಿ ತೋರಿಸಿದ ಮೇಲೂ ಸ್ಥಿರ ಮ್ಯಾಟ್ರಿಕ್ಸ್ ಹಾಕುವವರಿದ್ದಾರೆ. ಅದು ಅಗ್ಗ, ಉತ್ತರವೂ ಸಿಹಿ.

ರೈಲಿನ ಯೋಜನೆಯಾದರೆ ಪ್ರಯಾಣಿಕರ ಸಂಖ್ಯೆಯನ್ನು ಹೊರಗಿನ ಅನುಭವದೊಡನೆ ಹೋಲಿಸುತ್ತೇನೆ. ಸಂಶೋಧಕ ಫ್ಲೂಬ್ಯೇರ್ ಮತ್ತು ಸಹಲೇಖಕರು 2005ರಲ್ಲಿ 14 ದೇಶಗಳ 210 ಯೋಜನೆಗಳನ್ನು ನೋಡಿದಾಗ ರೈಲಿಗೆ ಬಂದ ಜನ ಮುನ್ನಂದಾಜಿನ ಸರಾಸರಿ ಅರ್ಧದಷ್ಟು ಮಾತ್ರ. ಮಾದರಿಯೇ ಕೆಲಸಕ್ಕೆ ಬಾರದು ಎಂದಲ್ಲ. ಸ್ಯಾನ್ ಫ್ರಾನ್ಸಿಸ್ಕೊದ ಬಾರ್ಟ್ ರೈಲಿಗೆ ಅಧಿಕೃತ ಅಂದಾಜು ಪ್ರಯಾಣಿಕರಲ್ಲಿ 15% ಪಾಲು ಹೇಳಿತ್ತು, ಅರ್ಥಶಾಸ್ತ್ರಜ್ಞ ಮ್ಯಾಕ್‌ಫ್ಯಾಡನ್ ಅವರ ಆಯ್ಕೆ ಮಾದರಿ (ಜನ ಯಾವ ಸಾರಿಗೆ ಆರಿಸುತ್ತಾರೆಂದು ಲೆಕ್ಕ ಹಾಕುವ ಮಾದರಿ) 6.3% ಎಂದಿತ್ತು, ಬಂದದ್ದು 6.2%. ಮಾದರಿಯೊಳಗೆ ನಾನು ಮೊದಲು ನೋಡುವುದು ಸಮಯದ ಗುಣಾಂಕವನ್ನು (ಒಂದು ನಿಮಿಷ ಹೆಚ್ಚಾದರೆ ಆ ಸಾರಿಗೆಯ ಆಕರ್ಷಣೆ ಎಷ್ಟು ಇಳಿಯುತ್ತದೆಂಬ ಸಂಖ್ಯೆ) ಹಣದ ಗುಣಾಂಕದಿಂದ ಭಾಗಿಸಿದಾಗ ಬರುವ ಸಂಖ್ಯೆ. ಅದೇ ಸಮಯದ ಬೆಲೆ. ನಿಮಿಷಕ್ಕೆ −0.04, ಹಣದ ಒಂದು ಏಕಮಾನಕ್ಕೆ −0.02 ಇದ್ದರೆ ಗಂಟೆಗೆ 120 ಏಕಮಾನ. ಪ್ರಯಾಣಿಕರ ಗಂಟೆಯ ಸರಾಸರಿ ಗಳಿಕೆಯನ್ನೇ ಅದು ಮೀರಿದ್ದರೆ ಸಮೀಕ್ಷೆಯ ಪ್ರಶ್ನೆಪತ್ರಿಕೆಯನ್ನು ತರಿಸಬೇಕು.

ಪ್ರಾದೇಶಿಕ ಆರ್ಥಿಕತೆಯ ಅಧ್ಯಾಯ ನೋಡಲು ಅಷ್ಟು ಹೊತ್ತು ಬೇಡ, ಏಕೆಂದರೆ ಅಲ್ಲಿಯ ತಪ್ಪುಗಳು ಹಳೆಯವು. ಒಂದು ಸಾವಿರ ಮಂದಿ ಐದು ವರ್ಷ ದುಡಿದರೆ ಅದು 5,000 ಮಾನವ-ವರ್ಷ. ವರದಿಯಲ್ಲಿ ‘5,000 ಉದ್ಯೋಗ’ ಎಂದಾಗಿರುತ್ತದೆ. ನಿರ್ಮಾಣದ ಕೂಲಿ ವೆಚ್ಚದ ಕಡೆಗಿದ್ದೂ ಮತ್ತೆ ಲಾಭದ ಕಡೆಗೆ ಕಾಣಿಸಿಕೊಳ್ಳುತ್ತದೆ. ಉಳಿದ ಸಮಯವನ್ನೂ ಅದೇ ಸಮಯದಿಂದ ಏರಿದ ಜಮೀನಿನ ಬೆಲೆಯನ್ನೂ ಕೂಡಿಸುವುದು ಎರಡು ಸಲ ಎಣಿಸಿದಂತೆ. ಸಣ್ಣ ಪ್ರದೇಶದ ಉತ್ಪಾದನಾ ಗುಣಕ (ಒಂದು ಏಕಮಾನ ಖರ್ಚಿನಿಂದ ಒಟ್ಟು ಎಷ್ಟು ಉತ್ಪಾದನೆ ಹುಟ್ಟುತ್ತದೆಂಬ ಸಂಖ್ಯೆ) ಇಡೀ ದೇಶದ್ದಕ್ಕಿಂತ ದೊಡ್ಡದಿದ್ದರೆ ಅಲ್ಲಿಗೇ ನಿಲ್ಲಬಹುದು: ಪ್ರದೇಶ ಸಣ್ಣದಾದಷ್ಟೂ ಹೊರಗಿನಿಂದ ಕೊಳ್ಳುವುದು ಹೆಚ್ಚು, ಹಣ ಸೋರುವುದು ಹೆಚ್ಚು.

ವಟಾವಿನ ದರ (ಮುಂದಿನ ಲಾಭವನ್ನು ಇಂದಿನ ಬೆಲೆಗೆ ಇಳಿಸುವ ದರ) ನೋಡಲು ಒಂದು ಸಾಲು ಸಾಕು. 30ನೇ ವರ್ಷದ 100 ಏಕಮಾನದ ಲಾಭ 4% ದರದಲ್ಲಿ ಇಂದಿಗೆ 31, 8%ರಲ್ಲಿ 10. ಹಣದುಬ್ಬರ ಸೇರಿದ ಲಾಭಕ್ಕೆ ಹಣದುಬ್ಬರ ಕಳೆದ ದರ ಹಾಕಿದ್ದರೆ ಅನುಪಾತವನ್ನು ಓದುವ ಅಗತ್ಯವೇ ಇಲ್ಲ.

ನನ್ನ ಟಿಪ್ಪಣಿಯಲ್ಲಿ ಆಕ್ಷೇಪಗಳಿಗೆ ಮೂರು ದರ್ಜೆ: ತೀರ್ಮಾನವನ್ನೇ ಬದಲಿಸುವವು, ಸಂಖ್ಯೆ ಬದಲಿಸಿದರೂ ತೀರ್ಮಾನ ಬದಲಿಸದವು, ಬರಹದ ತಪ್ಪುಗಳು. ಪ್ರತಿಯೊಂದಕ್ಕೂ ಕ್ರಮಸಂಖ್ಯೆ, ಪುಟ, ಏನು ಮಾಡಿದರೆ ಮುಗಿಯಿತು ಎಂಬ ಒಂದು ವಾಕ್ಯ. ಮೂರನೇ ದರ್ಜೆಯವನ್ನು ಬೇರೆ ಹಾಳೆಯಲ್ಲಿ ಕೊಡಬೇಕು, ಇಲ್ಲದಿದ್ದರೆ ಅವನ್ನಷ್ಟೇ ತಿದ್ದಿ ‘40ರಲ್ಲಿ 36 ಸರಿಪಡಿಸಿದ್ದೇವೆ’ ಎಂಬ ಉತ್ತರ ಬರುತ್ತದೆ. ತಿದ್ದಿದ ವರದಿ ಬಂದಾಗ ಮೊದಲು ತೆರೆಯುವುದು ಮಾಡೆಲ್ ಫೈಲನ್ನು. ಕೊನೆಯ ಸಲ ಓಡಿಸಿದ ದಿನಾಂಕ ನನ್ನ ಟಿಪ್ಪಣಿಯ ದಿನಾಂಕಕ್ಕಿಂತ ಹಿಂದಿನದಾಗಿದ್ದರೆ ತಿದ್ದುಪಡಿ ಆಗಿರುವುದು ಪಠ್ಯದಲ್ಲಿ ಮಾತ್ರ; ಅದೇ ಟಿಪ್ಪಣಿಯನ್ನು ಹಾಗೆಯೇ ಮತ್ತೆ ಕಳಿಸುತ್ತೇನೆ.