ಕೇಪಿನ ಬಂದೂಕಿಗೆ ಹೊಸ ನಿಪ್ಪಲ್ ಕೂರಿಸುವಾಗ

ಹೋದ ತಿಂಗಳು ಸಂಡೂರು ಕಡೆಯ ರೈತರೊಬ್ಬರು ಬಳ್ಳಾರಿಯ ನಮ್ಮ ಅಂಗಡಿಗೆ ಬೆಳೆ ಕಾಯುವ ಬಂದೂಕು ತಂದಿದ್ದರು. ನಿಪ್ಪಲ್ ಅಂದರೆ ಕೇಪು, ಅಂದರೆ ಏಟಿಗೆ ಸಿಡಿದು ಮದ್ದು ಹೊತ್ತಿಸುವ ಪುಟ್ಟ ಟೋಪಿ, ಕೂರುವ ತೂತಿನ ಲೋಹದ ಮೊಳೆ. ಅದು ಬೆರಳಿಗೇ ಅಲ್ಲಾಡುತ್ತಿತ್ತು. ಬಿಚ್ಚಿದರೆ ಥ್ರೆಡ್ಡಿಗೆ ಬಿಳಿ ಟೇಪು, ನಲ್ಲಿಗೆ ಸುತ್ತುತ್ತೇವಲ್ಲ, ಅದೇ. ಅವರ ಎದುರಿಗೇ ಅದನ್ನು ತೆಗೆದುಹಾಕಿದೆ. ಮದ್ದು ಹೊತ್ತಿದಾಗ ಆ ನಿಪ್ಪಲ್ ಹಾರಿದರೆ ಹಾರುವುದು ಗುರಿ ಇಟ್ಟವರ ಕಣ್ಣಿನ ಕಡೆಗೇ.

ಬೇರೆಯವರ ಬಂದೂಕು ರಿಪೇರಿ ಮಾಡಲು 1959ರ ಶಸ್ತ್ರಾಸ್ತ್ರ ಕಾಯ್ದೆ ಪ್ರಕಾರ ಲೈಸೆನ್ಸ್ ಬೇಕು. ನಿಮ್ಮ ಲೈಸೆನ್ಸಿನ ಬಂದೂಕನ್ನೂ ಕೆಲಸ ಗೊತ್ತಿದ್ದವರ ಹತ್ತಿರವೇ ಕೊಡಿ. ಆದರೆ ಪಕ್ಕದಲ್ಲಿ ನಿಂತು ನೋಡಿ. ಏನು ನೋಡಬೇಕು ಅನ್ನುವುದನ್ನು ಹೇಳುತ್ತೇನೆ.

ಮೊದಲು ನಳಿಗೆ ಖಾಲಿ ಇದೆಯಾ ನೋಡಬೇಕು. ಮದ್ದು ಜಡಿಯುವ ಗಜವನ್ನು ಒಳಗೆ ಬಿಟ್ಟು, ಬಾಯಿಯ ಹತ್ತಿರ ಹೆಬ್ಬೆರಳಿಂದ ಹಿಡಿದು ಗುರುತು ಮಾಡಿ. ಹೊರಗೆ ತೆಗೆದು, ಗುರುತು ಬಾಯಿಗೆ ಸರಿಯಾಗಿ ಬರುವಂತೆ ನಳಿಗೆಯ ಪಕ್ಕಕ್ಕೆ ಹಿಡಿದರೆ ಗಜದ ತುದಿ ನಿಪ್ಪಲ್ ತನಕ ಬರಬೇಕು. ಎರಡು ಮೂರು ಬೆರಳು ಮೊದಲೇ ನಿಂತರೆ ಒಳಗೆ ಮದ್ದಿದೆ ಅಂತಲೇ ತಿಳಿಯಿರಿ. ಅಜ್ಜನ ಕಾಲದಿಂದ ಮೂಲೆಯಲ್ಲಿದ್ದ ಬಂದೂಕಾದರೂ ಇದನ್ನು ಬಿಡಬೇಡಿ.

ಹಳೆ ನಿಪ್ಪಲ್‌ಗೆ ಸೀಮೆಎಣ್ಣೆ ಬಿಟ್ಟು ಒಂದು ರಾತ್ರಿ ಇಡಿ. ಇಕ್ಕಳ ಹಾಕಬೇಡಿ, ಅಂಚು ಉರುಟಾಗಿ ಹೋಗುತ್ತದೆ. ಸರಿಯಾಗಿ ಕೂರುವ ಪಾನಾ ಹಾಕಿ ಸ್ವಲ್ಪ ಬಿಚ್ಚಿ, ಸ್ವಲ್ಪ ಹಿಂದಕ್ಕೆ ತಿರುಗಿಸಿ, ಮತ್ತೆ ಬಿಚ್ಚಿ.

ಎಲ್ಲರೂ ಎಡವುವುದು ಥ್ರೆಡ್ಡಿನಲ್ಲಿ. ತೂತಿನ ಥ್ರೆಡ್ಡು ಕಾಲು ಇಂಚಿನದ್ದಾದರೆ, ಕಾಲು ಇಂಚು ಅಂದರೆ 6.35 ಮಿಲಿಮೀಟರ್. 6 ಮಿಲಿಮೀಟರ್ ನಿಪ್ಪಲ್ ಕಣ್ಣಿಗೆ ಅಷ್ಟೇ ಕಾಣುತ್ತದೆ, ತೂತಿನೊಳಗೆ ಸಲೀಸಾಗಿ ಹೋಗುತ್ತದೆ, ಆದರೆ ಹಿಡಿಯುವುದಿಲ್ಲ. ಸಂಡೂರಿನವರ ಬಂದೂಕಿನಲ್ಲಿ ಆಗಿದ್ದು ಇದೇ. ವರ್ನಿಯರ್ ಮತ್ತು ಥ್ರೆಡ್ ಗೇಜ್ ಇಟ್ಟು ಅಳೆಯದೆ ಹೊಸದು ಕೊಳ್ಳಬೇಡಿ. ಸರಿಯಾದದ್ದು ಬೆರಳಿಂದಲೇ ನಾಲ್ಕೈದು ಸುತ್ತು ತಿರುಗುತ್ತದೆ, ಅಲ್ಲಾಡುವುದಿಲ್ಲ. ಕೊನೆಗೆ ಅದರ ಭುಜ, ಅಂದರೆ ಥ್ರೆಡ್ಡಿನ ಮೇಲಿನ ಅಗಲ ಅಂಚು, ಬಂದೂಕಿನ ಲೋಹಕ್ಕೆ ಸುತ್ತಲೂ ಅಂಟಿಕೊಂಡು ಕೂರಬೇಕು. ಥ್ರೆಡ್ಡಿಗೆ ಚೂರು ಗ್ರೀಸು ಹಚ್ಚಿದರೆ ಮುಂದಿನ ಸಲ ಬಿಚ್ಚುವುದು ಸುಲಭ.

ಇನ್ನು ಕುದುರೆ, ಅಂದರೆ ಹ್ಯಾಮರ್. ನಿಪ್ಪಲ್ ತುದಿಗೆ ದೀಪದ ಮಸಿ ಹಚ್ಚಿ, ಕುದುರೆಯನ್ನು ಹೆಬ್ಬೆರಳಲ್ಲಿ ಹಿಡಿದೇ ಮೆಲ್ಲಗೆ ಇಳಿಸಿ. ಅದರ ಗುಳಿಯಲ್ಲಿ ಪೂರ್ತಿ ಉಂಗುರ ಮೂಡಿದರೆ ನೇರ ಇದೆ. ಅರ್ಧ ಚಂದ್ರ ಬಿದ್ದರೆ ಓರೆ. ಖಾಲಿ ನಿಪ್ಪಲ್ ಮೇಲೆ ಸುಮ್ನೆ ಟಕ್ ಅಂತ ಬಿಡುವ ಚಟ ಇದ್ದವರ ನಿಪ್ಪಲ್ ತುದಿ ಅಣಬೆಯಂತೆ ಹರಡಿರುತ್ತದೆ. ಆಗ ಕೇಪು ಪೂರ್ತಿ ಕೂರುವುದಿಲ್ಲ. ಮೊದಲ ಏಟು ಕೇಪನ್ನು ಒತ್ತುತ್ತದೆ, ಎರಡನೇ ಏಟಿಗೆ ಸಿಡಿಯುತ್ತದೆ. ಕುದುರೆ ಆಡಿಸಿ ನೋಡುವಾಗ ನಡುವೆ ಚರ್ಮದ ತುಂಡು ಇಡಿ.

ಕೇಪಿನ ರಿವಾಲ್ವರ್ ಆದರೆ ಇನ್ನೂ ಸೂಕ್ಷ್ಮ. ಹಳೆ ಮನೆತನದ್ದೊಂದನ್ನು ನಾನು ಒಂದೇ ಸಲ ಬಿಚ್ಚಿದ್ದೇನೆ. ಆರು ನಿಪ್ಪಲ್. ಪೂರ್ತಿ ಇಳಿದ ಕುದುರೆ ಯಾವುದಕ್ಕೂ ತಾಗಬಾರದು, ನಡುವೆ ನೋಟ್‌ಬುಕ್ ಹಾಳೆ ಆಡುವಷ್ಟು ಸಂದು ಸಾಕು. ಜಾಸ್ತಿಯಾದರೆ ಏಟು ಮುಟ್ಟುವುದಿಲ್ಲ. ನಿಪ್ಪಲ್ ಎತ್ತರವಾದರೆ ಕೇಪು ಹಿಂದಿನ ಚೌಕಟ್ಟಿಗೆ ಉಜ್ಜಿ, ಮದ್ದು ತುಂಬುವ ತಿರುಗುವ ಗಾಲಿ ಬಿಗಿಯುತ್ತದೆ. ಆರನ್ನೂ ಒಂದೊಂದಾಗಿ ನೋಡಬೇಕು.

ಆಮೇಲೆ ಮದ್ದಿಲ್ಲದೆ ಬರೀ ಕೇಪಿಟ್ಟು, ಕನ್ನಡಕ ಹಾಕಿಕೊಂಡು, ನಳಿಗೆ ಬಾಯಿಯನ್ನು ನೆಲದ ಒಣ ಎಲೆಯ ಕಡೆ ಹಿಡಿದು ಹೊಡೆದು ನೋಡಿ. ಎಲೆ ಹಾರಿದರೆ ನಿಪ್ಪಲ್‌ನಿಂದ ನಳಿಗೆಗೆ ದಾರಿ ತೆರೆದಿದೆ.

ಚುನಾವಣೆ ಬಂದಾಗ ಬಂದೂಕನ್ನು ಠಾಣೆಗೆ ಡಿಪಾಸಿಟ್ ಕೊಡುತ್ತೇವಲ್ವಾ, ಅದರ ಹಿಂದಿನ ದಿನ ಬಿಸಿ ನೀರಲ್ಲಿ ನಳಿಗೆ ತೊಳೆದು, ಒಣಗಿಸಿ, ಎಣ್ಣೆ ಹಚ್ಚಿ. ಸುಟ್ಟ ಮದ್ದಿನ ಮಸಿ ತೇವ ಎಳೆಯುತ್ತದೆ. ಹಾಗೇ ಕೊಟ್ಟವರ ನಿಪ್ಪಲ್ಲೇ ತುಕ್ಕು ಹಿಡಿದು ನನ್ನ ಮೇಜಿಗೆ ಬರುತ್ತದೆ.