ಕೊಚ್ಚಿಯಲ್ಲಿ ಹಡಗು ನಿಂತಾಗ ಊರು ನೋಡುವುದು ಹೇಗೆ?

ಗಂಗಾವತಿಯಲ್ಲಿ ಅಕ್ಕಿ ವ್ಯಾಪಾರ ಮಾಡುವವನು ನಾನು. ಈಚೆಗೆ ನಮ್ಮ ಕಡೆಯವರೂ ಮುಂಬೈಗೆ ಹೋಗಿ ಪ್ರವಾಸಿ ಹಡಗು ಹತ್ತುತ್ತಿದ್ದಾರೆ. ಕೊಚ್ಚಿಯಲ್ಲಿ ಬೆಳಿಗ್ಗೆ ಇಳಿದು ಸಂಜೆಯೊಳಗೆ ಏನು ನೋಡಬಹುದು ಎಂದು ಕೇಳುವವರಿಗೆ ನನ್ನ ಉತ್ತರ ಒಂದೇ: ಹಳೆಯ ಪೇಟೆ ಮಟ್ಟಾಂಚೇರಿ ಮೊದಲು, ಅದರ ಪಕ್ಕದ ಫೋರ್ಟ್ ಕೊಚ್ಚಿ ಆಮೇಲೆ, ಆಚೆ ದಡದ ಹೊಸ ಊರು ಎರ್ನಾಕುಲಂ ಬೇಡವೇ ಬೇಡ. ಮಾಲ್ ನೋಡಲು ಅಷ್ಟು ದೂರ ಹೋಗಬೇಕೇ?

ಲೆಕ್ಕವನ್ನು ಹಿಂದಿನಿಂದ ಹಾಕಿ. ಹಡಗು ಹೊರಡುವ ಸಮಯವನ್ನು ಬಿಡಿ, ಪ್ರಯಾಣಿಕರೆಲ್ಲ ಒಳಗಿರಬೇಕಾದ ಸಮಯ ಯಾವುದೆಂದು ಹಿಂದಿನ ರಾತ್ರಿಯೇ ಕೇಳಿಕೊಳ್ಳಿ. ಅದರಲ್ಲಿ ಒಂದೂವರೆ ಗಂಟೆ ಕಳೆದರೆ ಉಳಿಯುವುದೇ ನಿಮ್ಮ ಪಾಲಿನ ಹೊತ್ತು. ಹಡಗಿನವರು ಕೊಟ್ಟ ಕಾರ್ಡು, ಮೂಲ ಗುರುತಿನ ಚೀಟಿ ಎರಡೂ ಜೇಬಿನಲ್ಲಿರಲಿ.

ನೀವು ಇಳಿಯುವುದು ವಿಲ್ಲಿಂಗ್ಡನ್ ದ್ವೀಪದಲ್ಲಿ. ಬಂದರಿಗಾಗಿ ಹೂಳೆತ್ತಿದ ಮಣ್ಣು ಸುರಿದು, ರಾಬರ್ಟ್ ಬ್ರಿಸ್ಟೋ ಎಂಬ ಬ್ರಿಟಿಷ್ ಎಂಜಿನಿಯರ್ ಎಬ್ಬಿಸಿದ ನೆಲ ಅದು. ತುಂಗಭದ್ರಾ ಜಲಾಶಯದ ಹೂಳಿನ ಗೋಳು ಕೇಳುತ್ತಲೇ ಬೆಳೆದ ನಮಗೆ ಅದನ್ನು ಕಂಡರೆ ತುಸು ಹೊಟ್ಟೆಕಿಚ್ಚೇ ಆಗುತ್ತದೆ. ಗೇಟಿನ ಹೊರಗೆ ಆಟೋಗಳು ಕಾದಿರುತ್ತವೆ. ಹತ್ತುವ ಮೊದಲೇ ಬಾಡಿಗೆ ಮಾತಾಡಿ, "ಯಾವ ಅಂಗಡಿಗೂ ಕರೆದುಕೊಂಡು ಹೋಗಬೇಡಿ" ಎಂದು ಖಡಾಖಂಡಿತವಾಗಿ ಹೇಳಿ. ಇಲ್ಲದಿದ್ದರೆ ಕಮಿಷನ್ ಕೊಡುವ ಅಂಗಡಿಗಳಲ್ಲೇ ಅರ್ಧ ದಿನ ಮುಗಿಯುತ್ತದೆ.

ಮಟ್ಟಾಂಚೇರಿಯಲ್ಲಿ ಬಜಾರ್ ರಸ್ತೆಗೆ ಇಳಿದುಬಿಡಿ. ಬಹುತೇಕ ಪ್ರವಾಸಿಗರು ಇದನ್ನು ಆಟೋದಲ್ಲೇ ದಾಟಿಬಿಡುತ್ತಾರೆ. ನನ್ನನ್ನು ಕೇಳಿದರೆ ಕೊಚ್ಚಿ ಎಂದರೆ ಇದೇ. ಒಂದು ಬದಿಗೆ ಹಳೆಯ ಗೋದಾಮುಗಳು, ಅವುಗಳ ಬೆನ್ನಿಗೆ ಹಿನ್ನೀರು. ಹಿಂದೆ ಸರಕು ದೋಣಿಯಿಂದ ನೇರವಾಗಿ ಗೋದಾಮಿನೊಳಗೆ ಇಳಿಯುತ್ತಿತ್ತು. ಒಣಶುಂಠಿ, ಮೆಣಸಿನ ಘಾಟು ದೂರದಿಂದಲೇ ಮೂಗಿಗೆ ಬಡಿಯುತ್ತದೆ. ಅಕ್ಕಿಯ ಸಗಟು ಅಂಗಡಿಗಳ ಮುಂದೆ ಚಿಕ್ಕ ಬಟ್ಟಲುಗಳಲ್ಲಿ ಮಾದರಿ ಇಟ್ಟಿರುತ್ತಾರೆ. ಕೆಂಪು ಹೊರಪದರ ಉಳಿಸಿದ ದಪ್ಪ ಮಟ್ಟ ಅಕ್ಕಿಯನ್ನು ಕೈಗೆ ತೆಗೆದುಕೊಂಡು ನೋಡಿ, ಅದು ಕುಸುಬಲು, ಅಂದರೆ ಭತ್ತವನ್ನು ಬೇಯಿಸಿ ಒಣಗಿಸಿ ಮಾಡಿದ ಅಕ್ಕಿ. ನಮ್ಮ ಸೋನಾ ಮಸೂರಿಯ ಕಣ್ಣಿಗೆ ಒರಟು, ಆದರೆ ಮೀನಿನ ಸಾರಿಗೆ ಅದೇ ಸರಿ ಎಂದು ಅಲ್ಲಿಯವರ ವಾದ. ವ್ಯಾಪಾರದ ಹೊತ್ತಿನಲ್ಲಿ ದಾರಿಗೆ ಅಡ್ಡ ನಿಂತು ಫೋಟೊ ತೆಗೆಯಬೇಡಿ, ಹಮಾಲರ ತಲೆಯ ಮೇಲೆ ಮೂಟೆ ಇರುತ್ತದೆ.

ಪಕ್ಕದಲ್ಲೇ ಡಚ್ ಅರಮನೆ. ಹೆಸರು ಡಚ್ಚರದು, ಆದರೆ 1555ರ ಸುಮಾರಿಗೆ ಕಟ್ಟಿಸಿ ಕೊಚ್ಚಿ ರಾಜನಿಗೆ ಕೊಟ್ಟವರು ಪೋರ್ಚುಗೀಸರು. ಡಚ್ಚರು ಆಮೇಲೆ ದುರಸ್ತಿ ಮಾಡಿಸಿದರು. ರಾಜನ ಮಲಗುವ ಕೋಣೆಯ ಗೋಡೆಗಳ ತುಂಬ ರಾಮಾಯಣದ ಚಿತ್ರಗಳಿವೆ. ಕಿಷ್ಕಿಂಧೆ ನಮ್ಮ ಆನೆಗೊಂದಿಯೇ ಎಂದು ಹೇಳಿಕೊಳ್ಳುವವರು ಅಲ್ಲಿ ಅವಸರ ಮಾಡಬಾರದು. ಶುಕ್ರವಾರ ಅರಮನೆಗೆ ರಜೆ. 1568ರ ಯಹೂದಿ ಪ್ರಾರ್ಥನಾ ಮಂದಿರ ಶನಿವಾರ ಮುಚ್ಚಿರುತ್ತದೆ. ಟಿಕೆಟ್ ಕಾಯ್ದಿರಿಸುವಾಗಲೇ ಹಡಗು ಯಾವ ದಿನ ಅಲ್ಲಿ ನಿಲ್ಲುತ್ತದೆ ಎಂದು ನೋಡಿ. ಮಂದಿರದೊಳಗೆ ಪಾದರಕ್ಷೆ ಬಿಟ್ಟು ಹೋಗಬೇಕು. ಕಾಲಡಿಯ ನೀಲಿ–ಬಿಳಿ ಹಂಚುಗಳು ಚೀನಾದಿಂದ ಬಂದವು, ಒಂದೊಂದಕ್ಕೂ ಕೈಯಿಂದಲೇ ಬಣ್ಣ ಹಾಕಿದ್ದಾರೆ.

ಊಟದ ಚಿಂತೆ ಮೀನು ತಿನ್ನುವವರಿಗಿಲ್ಲ. ಸಸ್ಯಾಹಾರಿಗಳು ಗುಜರಾತಿ ರಸ್ತೆ ಎಲ್ಲಿ ಎಂದು ಕೇಳಿ. ತಲೆಮಾರುಗಳಿಂದ ನೆಲೆಸಿದ ಗುಜರಾತಿಗಳ ಬೀದಿ ಅದು. ನಮ್ಮ ಒಣ ಬಿಸಿಲಿಗೆ ಪಳಗಿದ ಮೈ ಅಲ್ಲಿಯ ಸೆಖೆಗೆ ಬೇಗ ಸೋಲುತ್ತದೆ, ನೀರು ಕುಡಿಯುತ್ತಿರಿ.

ಫೋರ್ಟ್ ಕೊಚ್ಚಿಗೆ ಒಂದೆರಡು ಗಂಟೆ ಸಾಕು. ವಾಸ್ಕೋ ಡ ಗಾಮಾ 1524ರಲ್ಲಿ ತೀರಿಕೊಂಡಾಗ ಹೂಳಿದ್ದು ಇಲ್ಲಿಯ ಸಂತ ಫ್ರಾನ್ಸಿಸ್ ಚರ್ಚಿನಲ್ಲಿ. ಅಸ್ಥಿಯನ್ನು ಆಮೇಲೆ ಪೋರ್ಚುಗಲ್ಲಿಗೆ ಒಯ್ದರು, ಸಮಾಧಿಯ ಕಲ್ಲು ಮಾತ್ರ ಉಳಿದಿದೆ. ದಡದಲ್ಲಿ ಮರದ ಕಂಬಗಳಿಗೆ ತೂಗಿಬಿಟ್ಟ ದೊಡ್ಡ ಚೀನೀ ಮೀನುಬಲೆಗಳಿವೆ. ಹಗ್ಗಕ್ಕೆ ಕಟ್ಟಿದ ಕಲ್ಲುಗಳ ಭಾರದಿಂದ ಬಲೆ ಮೇಲೇಳುವುದನ್ನು ಒಮ್ಮೆಯಾದರೂ ಪೂರ್ತಿ ನೋಡಿ. ನೀವೂ ಎಳೆಯಿರಿ ಎಂದು ಕರೆದರೆ ಹೋಗಿ, ಆದರೆ ಭಕ್ಷೀಸು ಕೊಡಲು ಚಿಲ್ಲರೆ ಇಟ್ಟುಕೊಂಡಿರಿ. ಸೂರ್ಯಾಸ್ತಕ್ಕೆ ಕಾಯುವ ಆಸೆ ಹಡಗಿನಲ್ಲಿ ಬಂದವರಿಗಲ್ಲ. ವಿಲ್ಲಿಂಗ್ಡನ್ ದ್ವೀಪಕ್ಕೆ ಮರಳುವ ದಾರಿಯ ತೋಪ್ಪುಂಪಡಿ ಸೇತುವೆಯ ಬಳಿ ಸಂಜೆ ವಾಹನಗಳು ಸಿಕ್ಕಿಕೊಳ್ಳುವ ಮೊದಲೇ ಆಟೋ ಹಿಡಿದು, ಬೆಳಿಗ್ಗೆ ಹೊರಬಂದ ಗೇಟಿನ ಹೆಸರನ್ನೇ ಹೇಳಿ. ಆ ದ್ವೀಪದಲ್ಲಿ ಗೇಟುಗಳು ಹಲವಾರಿವೆ.