ಡ್ರಾಪ್ ಗೋಲ್‌ಗೆ ಮೂರು ಅಂಕ ಜಾಸ್ತಿನಾ? ಮೊದಲು ಒದ್ದು ನೋಡಿ

ರಗ್ಬಿ ಯೂನಿಯನ್‌ನಲ್ಲಿ ಡ್ರಾಪ್ ಗೋಲ್‌ಗೆ, ಅಂದ್ರೆ ಆಟದ ನಡುವೆ ಚೆಂಡನ್ನು ನೆಲಕ್ಕೆ ಬಿಟ್ಟು, ಪುಟಿದಾಗ ಒದ್ದು ಗೋಲು ಕಂಬಗಳ ನಡುವೆ ಅಡ್ಡಪಟ್ಟಿಯ ಮೇಲಿಂದ ದಾಟಿಸಿದ್ರೆ, 3 ಅಂಕ. ಎದುರಾಳಿಯ ಗೋಲು ಗೆರೆಯಲ್ಲಿ ಅಥವಾ ಅದರಾಚೆ ಚೆಂಡನ್ನು ನೆಲಕ್ಕೆ ಒತ್ತೋ ಟ್ರೈಗೆ 5. ಡ್ರಾಪ್ ಗೋಲ್‌ಗೆ ಮೂರು ಜಾಸ್ತಿ ಆಯ್ತು ಅನ್ನೋರು ಒಂದು ಸಂಜೆ ಹುಬ್ಬಳ್ಳಿಯ ನೆಹರೂ ಮೈದಾನಕ್ಕೆ ಚೆಂಡು ಹಿಡ್ಕೊಂಡು ಬನ್ನಿ.

ಎರಡು ಬಿದಿರು ಗಳಗಳನ್ನು 5.6 ಮೀಟರ್ ಅಂತರದಲ್ಲಿ ನಿಲ್ಲಿಸಿ, 3 ಮೀಟರ್ ಎತ್ತರದಲ್ಲಿ ಹಗ್ಗ ಕಟ್ಟಿ. ಚೆಂಡನ್ನು ಎರಡೂ ಕೈಯಲ್ಲಿ ನೆಟ್ಟಗೆ ಹಿಡಿದು, ಮೇಲಿನ ತುದಿಯನ್ನು ಸ್ವಲ್ಪ ನಿಮ್ಮ ಕಡೆ ವಾಲಿಸಿ. ಎಸೆಯಬೇಡಿ, ಸುಮ್ನೆ ಕೈ ಬಿಡಿ. ಕೆಳತುದಿ ನೆಲಕ್ಕೆ ತಾಗಿ ಪುಟಿಯುವ ಆ ಕ್ಷಣದಲ್ಲೇ ಒದೆಯಬೇಕು, ಕಣ್ಣು ಚೆಂಡಿನ ಮೇಲೇ ಇರಬೇಕು, ಗಳದ ಕಡೆ ನೋಡಿದ್ರೋ ಕೆಟ್ಟಿತು. ಮಳೆ ಬಿದ್ದ ಎರೆಮಣ್ಣಲ್ಲಿ ಮಾತ್ರ ಈ ಆಟ ಬೇಡ, ಚೆಂಡು ಪುಟಿಯೋದೇ ಇಲ್ಲ, ಶೂ ಮಾತ್ರ ಒಂದೊಂದು ಕೆಜಿ ಆಗುತ್ತೆ.

ಹತ್ತರಲ್ಲಿ ಎರಡು ಹೋದ್ರೆ ಖುಷಿಪಡಿ. ಈಗ ಗೆಳೆಯನೊಬ್ಬನಿಗೆ ಎದುರಿಂದ ಓಡಿ ಬರೋಕೆ ಹೇಳಿ, ಮತ್ತೆ ಒದೆಯಿರಿ.

ಅಂಕ ಇಳಿಸೋದು ಹೊಸದೇನಲ್ಲ. 1948ರವರೆಗೆ ಇದಕ್ಕೆ 4 ಅಂಕ ಇತ್ತು. ರಗ್ಬಿಯ ಇನ್ನೊಂದು ಬಗೆಯಾದ ರಗ್ಬಿ ಲೀಗ್‌ನಲ್ಲಿ ಸಾಮಾನ್ಯವಾಗಿ 1 ಅಂಕ ಅಷ್ಟೇ. 1999ರ ವಿಶ್ವಕಪ್‌ನಲ್ಲಿ ದಕ್ಷಿಣ ಆಫ್ರಿಕಾದ ಯಾನಿ ಡಿ ಬಿಯರ್ ಇಂಗ್ಲೆಂಡ್ ವಿರುದ್ಧ ಐದು ಹೊಡೆದಾಗ ಸೋತವರಿಗೆ ಇದು ಅನ್ಯಾಯ ಅನ್ನಿಸಿರಬಹುದು. ಆದ್ರೆ 2003ರ ಫೈನಲ್‌ನ ಹೆಚ್ಚುವರಿ ಸಮಯದ ಕೊನೆಯಲ್ಲಿ ಇಂಗ್ಲೆಂಡ್‌ನ ಜಾನಿ ವಿಲ್ಕಿನ್ಸನ್ ಡ್ರಾಪ್ ಗೋಲ್ ಒದ್ದದ್ದು ತನ್ನ ಬಲಗಾಲಿನಲ್ಲಿ, ಅವನು ಎಡಗಾಲಿನವನು! ಇಂಗ್ಲೆಂಡ್ 20-17ರಿಂದ ಗೆದ್ದಿತು. ಅದಕ್ಕೆ ಒಂದೇ ಅಂಕ ಕೊಡೋಕೆ ನನಗಂತೂ ಮನಸ್ಸು ಬರಲ್ಲ.